ರೆಕ್ರೂಟರ್ ವಾಪಸ್ ಫೋನ್ ಮಾಡುವುದಿಲ್ಲ, ಯಾಕೆ?

ನಾನು ಕಂಪನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ರೆಕ್ರೂಟರ್ ಆಗಿದ್ದಾಗ, ಕೆಲಸ ಹುಡುಕುತ್ತಿದ್ದ ಒಬ್ಬರು ನನಗೆ ಒಂದೇ ವಾರದಲ್ಲಿ ಏಳು ಸಲ ಫೋನ್ ಮಾಡಿದ್ದರು. ಮೂರು ಸುತ್ತು ಇಂಟರ್‌ವ್ಯೂ ಮುಗಿಸಿದ್ದರು. ಮೂರನೆಯದು ತುಂಬ ಚೆನ್ನಾಗಿ ಆಯಿತು ಅಂತ ಖುಷಿಯಲ್ಲಿದ್ದರು. ಆಮೇಲೆ ಕಂಪನಿಯಿಂದ ಸದ್ದೇ ಇಲ್ಲ. ನಾನು ಅಲ್ಲಿನ ಎಚ್‌ಆರ್‌ಗೆ ಮೂರು ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಏಳನೇ ಸಲ ಅವರ ಹೆಸರು ಫೋನಿನಲ್ಲಿ ಕಂಡಾಗ ನಾನು ಫೋನನ್ನು ಮಗುಚಿ ಇಟ್ಟುಬಿಟ್ಟೆ.

ರೆಕ್ರೂಟ್‌ಮೆಂಟ್ ಏಜೆನ್ಸಿಯಲ್ಲಿ ಕೆಲಸ ಮಾಡಿದ ದಿನಗಳಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಅದೇ. ಕೆಲಸ ಹುಡುಕುವವರು ಏಜೆನ್ಸಿಗಳ ಬಗ್ಗೆ ಹೇಳುವ ದೂರೂ ಹೆಚ್ಚುಕಮ್ಮಿ ಅದೇ. ಬೇಕಾದಾಗ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ, ಬೇಡವಾದಾಗ ಮಾಯವಾಗುತ್ತಾರೆ. ಇದು ನಿಜ. ಆದರೆ ನನ್ನ ಜೊತೆ ಕೂತು ಕೆಲಸ ಮಾಡಿದವರು ಕಲ್ಲು ಮನಸ್ಸಿನವರಾಗಿರಲಿಲ್ಲ. ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು. ಜನರ ಜೊತೆ ಮಾತಾಡುವುದು ಇಷ್ಟ ಅಂತಲೇ ಈ ಕೆಲಸಕ್ಕೆ ಬಂದಿದ್ದರು. ಅಂಥವರೇ ವರ್ಷದೊಳಗೆ ಫೋನ್ ಮಗುಚಿ ಇಡುವುದನ್ನು ಕಲಿತರು. ಅದು ಹೇಗಾಯಿತು ಅಂತ ತಿಳಿಯಬೇಕಾದರೆ ಅವರ ಸ್ವಭಾವ ನೋಡಿದರೆ ಸಾಲದು. ದುಡ್ಡು ಯಾರಿಂದ ಬರುತ್ತದೆ, ಯಾವಾಗ ಬರುತ್ತದೆ ಅನ್ನುವುದನ್ನು ನೋಡಬೇಕು.

ದುಡ್ಡು ಬರುವ ದಾರಿ

ಏಜೆನ್ಸಿಗೆ ದುಡ್ಡು ಕೊಡುವುದು ಕಂಪನಿ. ಅದೂ ಕ್ಯಾಂಡಿಡೇಟ್ ಕೆಲಸಕ್ಕೆ ಸೇರಿದ ಮೇಲೆ. ಸಾಮಾನ್ಯವಾಗಿ ಮೊದಲ ವರ್ಷದ ಸಂಬಳದಲ್ಲಿ ಇಂತಿಷ್ಟು ಪಾಲು ಅಂತ ಮಾತಾಗಿರುತ್ತದೆ. ಕೆಲವು ಕಡೆ ಅದು ಒಂದು ತಿಂಗಳ ಸಂಬಳ, ಅಂದರೆ ಶೇಕಡಾ 8.33. ಕೆಲವು ಕಡೆ ಶೇಕಡಾ 20, 25ರ ತನಕವೂ ಹೋಗುತ್ತದೆ. ತುಂಬ ಮೇಲಿನ ಹುದ್ದೆಗಳಿಗೆ ಹುಡುಕಿಕೊಡುವ ಸಂಸ್ಥೆಗಳ ಕಥೆ ಬೇರೆ. ಅವರು ಕೆಲಸ ಶುರು ಮಾಡುವಾಗಲೇ ಒಂದು ಕಂತು ತೆಗೆದುಕೊಳ್ಳುತ್ತಾರೆ. ಇನ್ನು ತಾತ್ಕಾಲಿಕ ಕೆಲಸಗಾರರನ್ನು ಒದಗಿಸುವವರದ್ದು ಮೂರನೇ ಬಗೆ. ಅಲ್ಲಿ ಕೆಲಸಗಾರ ಏಜೆನ್ಸಿಯ ಪಟ್ಟಿಯಲ್ಲೇ ಇರುತ್ತಾನೆ, ಕಂಪನಿಯಿಂದ ಬರುವ ದುಡ್ಡಿನಲ್ಲಿ ಏಜೆನ್ಸಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಅವನಿಗೆ ಕೊಡುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ವ್ಯವಹಾರ ದೊಡ್ಡದಾಯಿತು. ಅಮೆರಿಕದ ಕೆಲ್ಲಿ 1946ರಲ್ಲಿ, ಮ್ಯಾನ್‌ಪವರ್ 1948ರಲ್ಲಿ, ನೆದರ್ಲೆಂಡ್ಸ್‌ನ ರಾಂಡ್‌ಸ್ಟಾಡ್ 1960ರಲ್ಲಿ ಶುರುವಾದವು.

ನಾನಿದ್ದದ್ದು ಮೊದಲನೇ ಬಗೆಯ ಏಜೆನ್ಸಿಯಲ್ಲಿ. ಕ್ಯಾಂಡಿಡೇಟ್ ಸೇರಿದರೆ ದುಡ್ಡು, ಸೇರದಿದ್ದರೆ ಏನೂ ಇಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಅಲ್ವಾ? ಕೆಲಸ ಆದರೆ ಕೂಲಿ. ಆದರೆ ಇದರ ಒಳಗೆ ಕೂತು ನೋಡಿದಾಗ ಬೇರೆಯೇ ಕಾಣುತ್ತದೆ.

ಬೆಳಿಗ್ಗೆ ಒಂದು ಓಪನಿಂಗ್, ಅಂದರೆ ಖಾಲಿ ಹುದ್ದೆ, ಬರುತ್ತದೆ. ಅದನ್ನು ಕಂಪನಿ ನಮಗೊಬ್ಬರಿಗೇ ಕೊಟ್ಟಿರುವುದಿಲ್ಲ, ಇನ್ನೂ ಐದಾರು ಏಜೆನ್ಸಿಗಳಿಗೂ ಕೊಟ್ಟಿರುತ್ತದೆ. ಕಂಪನಿಗೆ ಅದರಿಂದ ಖರ್ಚೇನೂ ಇಲ್ಲವಲ್ಲ. ಒಬ್ಬ ಕ್ಯಾಂಡಿಡೇಟಿನ ರೆಸ್ಯೂಮೆಯನ್ನು ಯಾವ ಏಜೆನ್ಸಿ ಮೊದಲು ಕಳಿಸುತ್ತದೋ ಆ ಕ್ಯಾಂಡಿಡೇಟ್ ಆ ಏಜೆನ್ಸಿಯ ಲೆಕ್ಕಕ್ಕೆ. ಹಾಗಾಗಿ ಮೊದಲ ಎರಡು ಗಂಟೆ ಓಟದ ಸ್ಪರ್ಧೆ. ಆ ಹುದ್ದೆಯಲ್ಲಿ ನಿಜವಾಗಿ ಏನು ಕೆಲಸ, ಮೇಲಧಿಕಾರಿ ಎಂಥವರು, ಹಿಂದೆ ಇದ್ದವರು ಯಾಕೆ ಬಿಟ್ಟರು ಅಂತ ಕೇಳಿ ತಿಳಿಯುವುದಕ್ಕೆ ಪುರುಸೊತ್ತು ಇರುವುದಿಲ್ಲ. ಜೆಡಿ, ಅಂದರೆ ಕೆಲಸದ ವಿವರಣೆ ಓದು, ಅದರಲ್ಲಿರುವ ನಾಲ್ಕು ಪದ ಹಾಕಿ ಹುಡುಕು, ಫೋನ್ ಮಾಡು. ಫೋನಿನಲ್ಲಿ ಮಾತಾಡುವ ರೆಕ್ರೂಟರ್‌ಗೆ ಆ ಕೆಲಸದ ಬಗ್ಗೆ ನಿಮಗಿಂತ ಕಡಿಮೆ ಗೊತ್ತಿದೆ ಅಂತ ನಿಮಗೆ ಅನ್ನಿಸಿದ್ದರೆ ಅದು ಸರಿಯಾಗಿಯೇ ಅನ್ನಿಸಿದೆ.

ಲೆಕ್ಕಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಇನ್ನೂರು ಪ್ರೊಫೈಲ್ ನೋಡಿದರೆ ಅರವತ್ತು ಜನಕ್ಕೆ ಫೋನ್. ಅದರಲ್ಲಿ ಇಪ್ಪತ್ತು ಜನಕ್ಕೆ ಆಸಕ್ತಿ. ಕಂಪನಿಗೆ ಕಳಿಸುವುದು ಎಂಟು. ಇಂಟರ್‌ವ್ಯೂಗೆ ಕರೆಯುವುದು ನಾಲ್ವರನ್ನು. ಆಫರ್ ಸಿಗುವುದು ಒಬ್ಬರಿಗೆ. ಅವರೂ ಸೇರುತ್ತಾರೆ ಅನ್ನುವ ಖಾತ್ರಿ ಇಲ್ಲ. ಅಂದರೆ ಇಡೀ ವಾರದ ಕೆಲಸದಲ್ಲಿ ದುಡ್ಡು ತರುವುದು ಒಬ್ಬರ ಜೊತೆ ಕಳೆದ ಸಮಯ ಮಾತ್ರ. ಉಳಿದವರಿಗೆ "ಈ ಸಲ ಆಗಲಿಲ್ಲ, ಕಾರಣ ಇದು" ಅಂತ ಹೇಳುವ ಹತ್ತು ನಿಮಿಷ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಸಂಜೆ ಟೀಮ್ ಲೀಡ್ ಕೇಳುವುದು ಎಷ್ಟು ಕಾಲ್ ಆಯಿತು, ಎಷ್ಟು ಪ್ರೊಫೈಲ್ ಹೋಯಿತು, ನಾಳೆ ಇಂಟರ್‌ವ್ಯೂಗೆ ಎಷ್ಟು ಲೈನ್‌ಅಪ್ ಇದೆ ಅಂತ. ಎಷ್ಟು ಜನಕ್ಕೆ ಇಲ್ಲ ಅಂತ ಹೇಳಿದೆ ಎಂದು ನನ್ನನ್ನು ಯಾರೂ ಒಂದು ದಿನವೂ ಕೇಳಲಿಲ್ಲ.

ಇನ್ನೊಂದು ಕಾರಣವೂ ಇದೆ, ಅದು ಹೊರಗಿನವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಎಷ್ಟೋ ಸಲ ರೆಕ್ರೂಟರ್‌ಗೂ ಉತ್ತರ ಗೊತ್ತಿರುವುದಿಲ್ಲ. ಕಂಪನಿ ಆ ಹುದ್ದೆಯನ್ನೇ ನಿಲ್ಲಿಸಿರುತ್ತದೆ, ಒಳಗಿನವರೊಬ್ಬರಿಗೆ ಕೊಟ್ಟಿರುತ್ತದೆ, ಇಲ್ಲವೇ ಇಂಟರ್‌ವ್ಯೂ ಮಾಡಿದವರು ರಜೆಯಲ್ಲಿರುತ್ತಾರೆ. ನಮಗೆ ಯಾರೂ ಹೇಳುವುದಿಲ್ಲ. "ನನಗೂ ಗೊತ್ತಿಲ್ಲ" ಅಂತ ಫೋನ್ ಮಾಡಿ ಹೇಳುವುದು ಕಷ್ಟವೇನಲ್ಲ. ಆದರೆ ನಮಗೆ ಕಲಿಸಿದ್ದು ಬೇರೆ. ಕ್ಯಾಂಡಿಡೇಟನ್ನು "ಬಿಸಿ"ಯಾಗಿ ಇಟ್ಟಿರಬೇಕು, ಕೈಬಿಟ್ಟು ಹೋಗುವಂಥ ಮಾತು ಆಡಬಾರದು. ಹಾಗಾಗಿ "ಸ್ವಲ್ಪ ದಿನ ಕಾಯಿರಿ, ಪ್ರೊಸೆಸ್ ನಡೀತಾ ಇದೆ" ಅಂತ ಹೇಳುತ್ತಿದ್ದೆವು. ಎರಡನೇ ಸಲವೂ ಅದನ್ನೇ. ಮೂರನೇ ಸಲ ಹೇಳುವುದಕ್ಕೆ ನಾಚಿಕೆಯಾಗಿ ಫೋನ್ ಎತ್ತುವುದನ್ನೇ ಬಿಡುತ್ತಿದ್ದೆವು.

ಆಫರ್ ಸಿಕ್ಕ ಮೇಲಿನ ಅರವತ್ತು ದಿನ

ಹೊರಗಿನವರು ಆಫರ್ ಬಂದರೆ ಏಜೆನ್ಸಿಯ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಒಳಗಿದ್ದವರಿಗೆ ನಿದ್ದೆ ಕೆಡುವುದು ಆಮೇಲೆಯೇ. ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೇ ಕಂಪನಿಯಲ್ಲಿ ಇರಬೇಕಾದ ಅವಧಿ, ಒಂದು ತಿಂಗಳಿರಬಹುದು, ಎರಡಿರಬಹುದು, ಮೂರೂ ಇರಬಹುದು. ಅಷ್ಟು ದಿನದಲ್ಲಿ ಏನು ಬೇಕಾದರೂ ಆಗಬಹುದು. ಹಳೇ ಕಂಪನಿ ಸಂಬಳ ಜಾಸ್ತಿ ಮಾಡಿ ಉಳಿಸಿಕೊಳ್ಳಬಹುದು. ನಮ್ಮ ಆಫರ್ ತೋರಿಸಿ ಇನ್ನೊಂದು ಕಡೆ ದೊಡ್ಡ ಆಫರ್ ಪಡೆಯಬಹುದು. ಮನೆಯಲ್ಲಿ ಯಾರಿಗೋ ಹುಷಾರು ತಪ್ಪಬಹುದು. ರೆಕ್ರೂಟರ್ ವಾರಕ್ಕೊಂದು ಸಲ "ಹೇಗಿದ್ದೀರಿ" ಅಂತ ಫೋನ್ ಮಾಡುತ್ತಾನೆ. ಆ ಮಾತಿನ ಹಿಂದೆ ಇರುವುದು ಒಂದೇ ಪ್ರಶ್ನೆ: ನೀವು ಬರ್ತೀರಾ?

ಸೇರುವ ದಿನ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಟೀಮಿನಲ್ಲಿ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಎಲ್ಲರೂ ಅವರವರ ಕ್ಯಾಂಡಿಡೇಟ್ ಕಂಪನಿ ತಲುಪಿದರಾ ಅಂತ ಮೆಸೇಜಿಗೆ ಕಾಯುತ್ತಿದ್ದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಮೂರು ತಿಂಗಳ ಟಾರ್ಗೆಟ್ ಒಬ್ಬರ ಮೇಲೆ ನಿಂತಿತ್ತು. ಹತ್ತೂವರೆಗೆ ಅವರ ಫೋನ್ ಸ್ವಿಚ್ ಆಫ್. ಅವಳು ಎದ್ದು ಹೊರಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದಳು. ಬಂದವಳೇ ಹೊಸ ಓಪನಿಂಗ್ ತೆರೆದು ಹುಡುಕಲು ಶುರು ಮಾಡಿದಳು. ಅವಳಿಗೆ ಆ ಕ್ಯಾಂಡಿಡೇಟ್ ಮೇಲೆ ಸಿಟ್ಟು ಬಂದಿತ್ತಾ ಅಂತ ಆಮೇಲೆ ಕೇಳಿದೆ. "ನಾವೂ ಎಷ್ಟು ಜನಕ್ಕೆ ಹೀಗೇ ಮಾಡಿದ್ದೀವಿ ಅಲ್ವಾ" ಅಂದಳು.

ಸೇರಿದರೂ ಮುಗಿಯುವುದಿಲ್ಲ. ಗ್ಯಾರಂಟಿ ಅವಧಿ ಅಂತ ಒಂದಿದೆ, ಹೆಚ್ಚಾಗಿ 90 ದಿನ. ಅಷ್ಟರೊಳಗೆ ಕ್ಯಾಂಡಿಡೇಟ್ ಬಿಟ್ಟರೆ ಏಜೆನ್ಸಿ ದುಡ್ಡು ವಾಪಸ್ ಕೊಡಬೇಕು, ಇಲ್ಲವೇ ಪುಕ್ಕಟೆಯಾಗಿ ಇನ್ನೊಬ್ಬರನ್ನು ಹುಡುಕಿಕೊಡಬೇಕು. ಹೊಸ ಕೆಲಸ ಸರಿಹೋಗುತ್ತಿಲ್ಲ ಅಂತ ಕ್ಯಾಂಡಿಡೇಟ್ ಎಂಬತ್ತನೇ ದಿನ ಅತ್ತುಕೊಂಡರೆ "ಇನ್ನು ಸ್ವಲ್ಪ ದಿನ ನೋಡಿ" ಅಂತ ರೆಕ್ರೂಟರ್ ಹೇಳುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಆ ಸಲಹೆ ಕೆಲವೊಮ್ಮೆ ಒಳ್ಳೆಯದೇ ಆಗಿರುತ್ತದೆ. ಆದರೆ ಯಾರ ಒಳ್ಳೆಯದಕ್ಕೆ ಹೇಳಿದ್ದು ಅಂತ ಹೇಳಿದವನಿಗೇ ಸ್ಪಷ್ಟ ಇರುವುದಿಲ್ಲ.

ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳಬಾರದು

ಹಾಗಾದರೆ ಕ್ಯಾಂಡಿಡೇಟೇ ದುಡ್ಡು ಕೊಟ್ಟರೆ ಏಜೆನ್ಸಿ ಅವರ ಪರ ಇರುತ್ತದಾ? ಈ ಪ್ರಶ್ನೆಗೆ ಇತಿಹಾಸ ಉತ್ತರ ಕೊಟ್ಟಿದೆ. ಅದು ಕೆಟ್ಟ ಅನುಭವದಿಂದ ಬಂದ ಉತ್ತರ. ಹಿಂದೆ ಎಷ್ಟೋ ದೇಶಗಳಲ್ಲಿ ಕೆಲಸ ಹುಡುಕುವವರೇ ಶುಲ್ಕ ಕೊಡುತ್ತಿದ್ದರು. ಕೆಲಸ ಇಲ್ಲದವನಿಂದ ಕೆಲಸದ ಆಸೆ ತೋರಿಸಿ ದುಡ್ಡು ಕೀಳುವುದು ತೀರಾ ಸುಲಭ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, 1919ರಲ್ಲಿ ಹುಟ್ಟಿದ ವರ್ಷವೇ ಈ ವಿಷಯ ಕೈಗೆತ್ತಿಕೊಂಡಿತು. ಸರಕಾರವೇ ಉಚಿತವಾಗಿ ಉದ್ಯೋಗ ವಿನಿಮಯ ಕೇಂದ್ರ ನಡೆಸಬೇಕು ಅಂತ ಹೇಳಿತು. 1933ರ ಒಪ್ಪಂದದಲ್ಲಿ ಇನ್ನೂ ಮುಂದೆ ಹೋಗಿ, ಲಾಭಕ್ಕಾಗಿ ಶುಲ್ಕ ವಸೂಲಿ ಮಾಡುವ ಏಜೆನ್ಸಿಗಳನ್ನು ಮೂರು ವರ್ಷದೊಳಗೆ ಮುಚ್ಚಬೇಕು ಅಂದಿತು. 1949ರಲ್ಲಿ ಸ್ವಲ್ಪ ಸಡಿಲ ಮಾಡಿ, ಮುಚ್ಚಿ ಇಲ್ಲವೇ ಬಿಗಿಯಾಗಿ ನಿಯಂತ್ರಿಸಿ ಅಂತ ಎರಡು ದಾರಿ ಕೊಟ್ಟಿತು. ಕೊನೆಗೆ 1997ರ 181ನೇ ಒಪ್ಪಂದದಲ್ಲಿ ಖಾಸಗಿ ಏಜೆನ್ಸಿಗಳಿಗೆ ಜಾಗ ಕೊಟ್ಟಿತು. ಆದರೆ ಒಂದು ಷರತ್ತು ಹಾಕಿತು. ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ, ಪೂರ್ತಿಯಾಗಲಿ ಭಾಗಶಃವಾಗಲಿ, ಶುಲ್ಕ ತೆಗೆದುಕೊಳ್ಳುವಂತಿಲ್ಲ. ಕೆಲವು ವರ್ಗದ ಕೆಲಸಗಳಿಗೆ ದೇಶಗಳು ವಿನಾಯಿತಿ ಕೊಡಬಹುದು, ಆದರೆ ಕಾರಣ ಹೇಳಬೇಕು.

ಈ ನಿಯಮ ಸರಿ. ಇದರ ಬಗ್ಗೆ ನನಗೆ ಒಂದಿಷ್ಟೂ ಅನುಮಾನ ಇಲ್ಲ. ಬೇರೆ ದೇಶಕ್ಕೆ ದುಡಿಯಲು ಹೋಗುವವರು ಏಜೆಂಟನಿಗೆ ಸಾಲ ಮಾಡಿ ಕೊಟ್ಟು, ಆ ಸಾಲ ತೀರಿಸಲೆಂದೇ ಕೆಟ್ಟ ಕೆಲಸದಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು ಇವತ್ತಿಗೂ ನಡೆಯುತ್ತಿದೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಆಮೇಲೆ ವಾಪಸ್ ಕೊಡುವ ಠೇವಣಿ, ಯಾವ ಹೆಸರಿನಲ್ಲೇ ಆಗಲಿ, ಕೆಲಸ ಕೊಡಿಸುತ್ತೇನೆ ಅಂತ ಯಾರಾದರೂ ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆದರೆ ಈ ನಿಯಮದ ಇನ್ನೊಂದು ಮಗ್ಗುಲನ್ನು ನಾವು ಯಾರೂ ಸರಿಯಾಗಿ ಮಾತಾಡಲಿಲ್ಲ. ದುಡ್ಡಿನ ಜೊತೆ ನಿಷ್ಠೆಯೂ ಕಂಪನಿಯ ಕಡೆಗೆ ಹೋಯಿತು. ದುಡ್ಡು ಕೊಡುವವರು ಗ್ರಾಹಕರಾದರು. ಕೊಡದವರು ಗ್ರಾಹಕರಿಗೆ ಕಳಿಸುವ ವಸ್ತುವಾದರು. "ಕಾರ್ಮಿಕರ ದುಡಿಮೆ ಸರಕಲ್ಲ" ಅಂತ ಇದೇ ಐಎಲ್‌ಒ 1944ರಲ್ಲಿ ಫಿಲಡೆಲ್ಫಿಯಾ ಘೋಷಣೆಯಲ್ಲಿ ಹೇಳಿತ್ತು. ನಮ್ಮ ಆಫೀಸಿನಲ್ಲಿ ಆಡುವ ಮಾತು ಕೇಳಿದರೆ ಅದು ಯಾರಿಗೂ ನೆನಪಿದ್ದಂತೆ ಕಾಣುತ್ತಿರಲಿಲ್ಲ. ಎರಡು ಪ್ರೊಫೈಲ್ ಹಾಕು. ಇವನನ್ನು ಕ್ಲೋಸ್ ಮಾಡು. ಅವಳಿಗೆ ರಿಪ್ಲೇಸ್‌ಮೆಂಟ್ ಕೊಡು. ಒಂದು ವರ್ಷ ಹೀಗೆ ಮಾತಾಡಿದ ಮೇಲೆ ಯೋಚನೆಯೂ ಹಾಗೇ ಆಗುತ್ತದೆ.

ಇದರ ಅತಿ ಕೆಟ್ಟ ರೂಪ ನೋಡಿದ್ದು ಫೋನಿನಲ್ಲಿ. ಕೆಲವು ಕ್ಲೈಂಟ್‌ಗಳು ಬರೆದು ಕೊಡದ ಷರತ್ತುಗಳನ್ನು ಬಾಯಲ್ಲಿ ಹೇಳುತ್ತಿದ್ದರು. ನಲವತ್ತು ದಾಟಿದವರು ಬೇಡ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಬೇಡ, ಸೇರಿದ ತಕ್ಷಣ ಹೆರಿಗೆ ರಜೆ ಕೇಳುತ್ತಾರೆ. 181ನೇ ಒಪ್ಪಂದದಲ್ಲೇ ಏಜೆನ್ಸಿಗಳು ಭೇದ ಮಾಡದಂತೆ ನೋಡಿಕೊಳ್ಳಬೇಕು ಅಂತ ಇದೆ. ಎಷ್ಟೋ ದೇಶಗಳ ಕಾನೂನಿನಲ್ಲೂ ಇದೆ. ಆದರೆ ಕಾಗದದ ಮೇಲೆ ಏನೂ ಇರುವುದಿಲ್ಲ. ಕಂಪನಿಯ ಕೈ ಶುದ್ಧ. ಆ ಕೆಲಸ ಮಾಡುವುದು ಇಪ್ಪತ್ತೈದು ವರ್ಷದ ರೆಕ್ರೂಟರ್. ನಾನೂ ಮಾಡಿದ್ದೇನೆ. ಒಬ್ಬ ಮಹಿಳೆಯ ಪ್ರೊಫೈಲ್ ಆ ಹುದ್ದೆಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಮದುವೆಯಾಗಿ ನಾಲ್ಕು ತಿಂಗಳಾಗಿದೆ ಅಂತ ಅವರೇ ಮಾತಿನ ನಡುವೆ ಹೇಳಿದರು. ನಾನು ಪ್ರೊಫೈಲ್ ಕಳಿಸಲಿಲ್ಲ. ಯಾಕೆ ಕಳಿಸಲಿಲ್ಲ ಅಂತಲೂ ಹೇಳಲಿಲ್ಲ. ಅದು ತಪ್ಪು ಅಂತ ಆಗಲೂ ಗೊತ್ತಿತ್ತು.

ಇದು ಒಬ್ಬಿಬ್ಬರ ಕಥೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಸ್ಟನ್ ಮತ್ತು ಶಿಕಾಗೊ ಪತ್ರಿಕೆಗಳ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳಿಸಿದ್ದರು. ಒಂದೇ ಗುಣಮಟ್ಟದ ರೆಸ್ಯೂಮೆ, ಹೆಸರು ಮಾತ್ರ ಬೇರೆ. ಬಿಳಿಯರದ್ದು ಅನ್ನಿಸುವ ಹೆಸರುಗಳಿಗೆ ಕರಿಯರದ್ದು ಅನ್ನಿಸುವ ಹೆಸರುಗಳಿಗಿಂತ ಶೇಕಡಾ 50ರಷ್ಟು ಹೆಚ್ಚು ಕರೆ ಬಂತು.

ಮೆಷಿನ್ ಬಂದ ಮೇಲೆ

ಈಗ ಎರಡೂ ಕಡೆ ಮೆಷಿನ್ ಬಂದಿದೆ. ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುತ್ತದೆ. ಎಐ ಸಾಧನಗಳು ಜೆಡಿ ನೋಡಿಕೊಂಡು ಅದಕ್ಕೆ ತಕ್ಕ ರೆಸ್ಯೂಮೆ ಬರೆದುಕೊಡುತ್ತವೆ. ಅರ್ಜಿಗಳು ರಾಶಿ ಬೀಳುತ್ತವೆ. ಎಲ್ಲ ರೆಸ್ಯೂಮೆಯಲ್ಲೂ ಅವೇ ಪದ, ಅದೇ ಧಾಟಿ. ಅಷ್ಟನ್ನು ಓದಲು ಆಗುವುದಿಲ್ಲ ಅಂತ ಏಜೆನ್ಸಿಗಳೂ ಕಂಪನಿಗಳೂ ಜರಡಿ ಹಿಡಿಯಲು ಮೆಷಿನ್ ಇಟ್ಟುಕೊಂಡಿವೆ. ಮೆಷಿನ್ ಬರೆದದ್ದನ್ನು ಮೆಷಿನ್ ಓದುತ್ತದೆ. ಕೆಲಸ ಬೇಕಾದವರು ಒಂದು ಕಡೆ, ಕೊಡುವವರು ಇನ್ನೊಂದು ಕಡೆ ಕಾಯುತ್ತಾ ಕೂತಿರುತ್ತಾರೆ.

ಮೆಷಿನ್‌ಗೆ ಪಕ್ಷಪಾತ ಇರುವುದಿಲ್ಲ ಅಂತ ಮೊದಲು ಬಹಳ ಜನ ನಂಬಿದ್ದರು. ಅಮೆಜಾನ್ ಅಂಥದ್ದೊಂದು ಸಾಧನ ಕಟ್ಟಿ ಕೈಬಿಟ್ಟದ್ದು 2018ರಲ್ಲಿ ಸುದ್ದಿಯಾಯಿತು. ಹತ್ತು ವರ್ಷದ ಹಳೇ ರೆಸ್ಯೂಮೆಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಹಾಗಾಗಿ "ಮಹಿಳಾ ಚೆಸ್ ಕ್ಲಬ್ ನಾಯಕಿ" ಅನ್ನುವಂಥ ಸಾಲು ಕಂಡರೆ ಅಂಕ ಕಡಿಮೆ ಮಾಡುತ್ತಿತ್ತು. ನಾನು ಆ ಮಹಿಳೆಗೆ ಮಾಡಿದ್ದನ್ನೇ ಅದೂ ಮಾಡುತ್ತಿತ್ತು. ನನಗೆ ಅದು ತಪ್ಪು ಅಂತ ಗೊತ್ತಿತ್ತು, ಅದಕ್ಕೆ ಗೊತ್ತಿರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಕಾನೂನುಗಳು ಈಗ ಹಿಂದೆ ಹಿಂದೆ ಬರುತ್ತಿವೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇಂಥ ಸಾಧನ ಬಳಸುವವರು ಅದರ ಪಕ್ಷಪಾತವನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕು. ಐರೋಪ್ಯ ಒಕ್ಕೂಟದ 2024ರ ಎಐ ಕಾನೂನು ನೇಮಕಾತಿಗೆ ಬಳಸುವ ಎಐಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ನಿಯಮ. 25 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆಗಳು ಸಾರ್ವಜನಿಕವಾಗಿ ಕೆಲಸದ ಜಾಹೀರಾತು ಕೊಟ್ಟರೆ, 2026ರ ಜನವರಿ 1ರಿಂದ, ಜರಡಿ ಹಿಡಿಯಲು ಎಐ ಬಳಸುತ್ತಿದ್ದರೆ ಹೇಳಬೇಕು. ಹುದ್ದೆ ನಿಜವಾಗಿ ಖಾಲಿ ಇದೆಯಾ ಅಂತ ಹೇಳಬೇಕು. ಇಂಟರ್‌ವ್ಯೂ ಆದ ಅರ್ಜಿದಾರರಿಗೆ 45 ದಿನದೊಳಗೆ ತೀರ್ಮಾನ ಆಗಿದೆಯಾ ಇಲ್ಲವಾ ಅಂತ ತಿಳಿಸಬೇಕು.

ಇದನ್ನು ಓದಿದಾಗ ನನಗೆ ಆ ಏಳು ಫೋನ್ ಕಾಲ್ ನೆನಪಾಯಿತು. ಸುಮ್ನೆ ಸೌಜನ್ಯ ಅಂದುಕೊಂಡಿದ್ದ ವಿಷಯಕ್ಕೆ ಕಾನೂನು ಗಡುವು ಹಾಕಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಹೊಣೆಯನ್ನು ಮಧ್ಯದಲ್ಲಿ ಕೂತ ರೆಕ್ರೂಟರ್ ಮೇಲೆ ಹಾಕದೆ ಕೆಲಸ ಕೊಡುವವರ ಮೇಲೆ ಹಾಕಿದೆ. ಕಂಪನಿ ಉತ್ತರ ಕೊಟ್ಟರೆ ಏಜೆನ್ಸಿಗೂ ಹೇಳುವುದಕ್ಕೆ ಏನಾದರೂ ಇರುತ್ತದೆ.

ಏಜೆನ್ಸಿಗಳು ಕಾನೂನಿಗೆ ಕಾಯಬೇಕಾಗಿಲ್ಲ. ಓಪನಿಂಗ್ ತೆಗೆದುಕೊಳ್ಳುವಾಗಲೇ "ಇಂಟರ್‌ವ್ಯೂ ಆದ ಇಷ್ಟು ದಿನದಲ್ಲಿ ಉತ್ತರ ಕೊಡಬೇಕು" ಅಂತ ಕರಾರಿನಲ್ಲಿ ಬರೆಸಿಕೊಳ್ಳಬಹುದು. ಕಡಿಮೆ ಓಪನಿಂಗ್ ತೆಗೆದುಕೊಂಡು, ಒಂದು ಕಂತು ಮೊದಲೇ ಕೇಳಿ, ಆ ಹುದ್ದೆಯನ್ನು ತಾವೊಬ್ಬರೇ ನೋಡಬಹುದು. ಎಷ್ಟು ಕಾಲ್ ಆಯಿತು ಅನ್ನುವ ಪಟ್ಟಿಯ ಪಕ್ಕದಲ್ಲಿ ಎಷ್ಟು ಜನಕ್ಕೆ ಉತ್ತರ ಬಾಕಿ ಇದೆ ಅನ್ನುವ ಒಂದು ಕಾಲಮ್ ಸೇರಿಸಬಹುದು. ನಾನು ಇದನ್ನು ಒಮ್ಮೆ ಮೀಟಿಂಗಿನಲ್ಲಿ ಕೇಳಿದ್ದೆ. "ಅದಕ್ಕೆ ಕ್ಲೈಂಟ್ ಬಿಲ್ ಕೊಡ್ತಾರಾ?" ಅಂತ ಉತ್ತರ ಬಂತು.

ರೆಕ್ರೂಟರ್‌ಗಳ ಕೆಲಸವೇನೂ ಭದ್ರವಲ್ಲ ಅನ್ನುವುದನ್ನೂ ಹೇಳಬೇಕು. ನೇಮಕಾತಿ ನಿಂತ ದಿನ ಮೊದಲು ಬೇಡವಾಗುವುದು ಅವರೇ. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ 11,000ಕ್ಕೂ ಹೆಚ್ಚು ಜನರನ್ನು ತೆಗೆದಾಗ, ನೇಮಕಾತಿ ವಿಭಾಗಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ ಅಂತ ಅದರ ಮುಖ್ಯಸ್ಥರೇ ಬರೆದಿದ್ದರು. ಏಜೆನ್ಸಿಗಳಲ್ಲಿ ಇದು ಸುದ್ದಿಯಾಗದೆ ನಡೆಯುತ್ತದೆ. ಎರಡು ತಿಂಗಳು ಯಾರನ್ನೂ ಕೆಲಸಕ್ಕೆ ಸೇರಿಸಲಿಲ್ಲ ಅಂದರೆ ಮೂರನೇ ತಿಂಗಳು ಆ ಕುರ್ಚಿ ಖಾಲಿ.

ನೀವು ಕೆಲಸ ಹುಡುಕುತ್ತಿದ್ದರೆ, ರೆಕ್ರೂಟರ್ ಮೊದಲ ಸಲ ಫೋನ್ ಮಾಡಿದಾಗ ಕಂಪನಿಯ ಹೆಸರು ಕೇಳಿ. ನನ್ನನ್ನು ಕೇಳದೆ ನನ್ನ ರೆಸ್ಯೂಮೆ ಯಾವ ಕಂಪನಿಗೂ ಕಳಿಸಬೇಡಿ ಅಂತ ಮೆಸೇಜಿನಲ್ಲೇ ಬರೆದುಹಾಕಿ. ಒಬ್ಬರದೇ ರೆಸ್ಯೂಮೆ ಎರಡು ಏಜೆನ್ಸಿಯಿಂದ ಹೋದರೆ, ಯಾರಿಗೆ ದುಡ್ಡು ಕೊಡಬೇಕು ಅನ್ನುವ ಜಗಳವೇ ಬೇಡ ಅಂತ ಕೆಲವು ಕಂಪನಿಗಳು ಕ್ಯಾಂಡಿಡೇಟನ್ನೇ ಬಿಟ್ಟುಬಿಡುತ್ತವೆ. ಈ ಹುದ್ದೆ ನಿಮಗೊಬ್ಬರಿಗೇ ಕೊಟ್ಟಿದ್ದಾರಾ ಅಂತ ಕೇಳಿ. ಈ ಕಂಪನಿಗೆ ಹಿಂದೆ ಯಾರನ್ನಾದರೂ ಸೇರಿಸಿದ್ದೀರಾ ಅಂತ ಕೇಳಿ. ಉತ್ತರ ಯಾವಾಗ ಸಿಗುತ್ತದೆ ಅಂತ ಒಂದು ತಾರೀಕು ಹೇಳಿಸಿಕೊಳ್ಳಿ. ಈಗಿನ ಸಂಬಳ ಎಷ್ಟು ಅಂತ ಕೇಳಿದರೆ, ನಿಮ್ಮ ನಿರೀಕ್ಷೆ ಎಷ್ಟು ಅನ್ನುವುದನ್ನು ಹೇಳಿ. ಐರೋಪ್ಯ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನದ ಪ್ರಕಾರ ಅರ್ಜಿದಾರರ ಹಳೇ ಸಂಬಳ ಕೇಳುವಂತೆಯೇ ಇಲ್ಲ.

ಏಳು ಸಲ ಫೋನ್ ಮಾಡಿದ್ದವರಿಗೆ ನಾನು ಮೂರು ವಾರ ಬಿಟ್ಟು ಫೋನ್ ಮಾಡಿದೆ. ಕಂಪನಿ ಇನ್ನೂ ಏನೂ ಹೇಳಿರಲಿಲ್ಲ. ಅದನ್ನೇ ಹೇಳಿದೆ, ಕ್ಷಮೆ ಕೇಳಿದೆ. ಅವರು ಆ ಉತ್ತರ ಬರಬಹುದು ಅಂತ ಬೇರೊಂದು ಕಡೆ ಸಿಕ್ಕಿದ್ದ ಕೆಲಸವನ್ನು ಹಿಂದಿನ ವಾರ ಬಿಟ್ಟುಕೊಟ್ಟಿದ್ದರು.